ಅರ್ಧ ಗಂಟೆಗೇ ಏಳುವ ಕೂಸು: ಹಗಲು ನಿದ್ದೆಯ ದೋಷ ನಿವಾರಣೆ ಕೈಪಿಡಿ

ಅರ್ಧ ಗಂಟೆ ತೂಗಿ ಮಲಗಿಸಿದ ಕೂಸು ಅರ್ಧ ಗಂಟೆಗೇ ಕಣ್ಣು ಬಿಟ್ಟರೆ ಬಾಣಂತಿಗೆ ನೆಮ್ಮದಿಯಾಗಿ ಉಣ್ಣಲೂ ಹೊತ್ತು ಸಿಗುವುದಿಲ್ಲ. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ: ಹಾಲು ಸಾಲುತ್ತಿಲ್ಲ, ಚಳಿ ಆಗಿದೆ, ದೃಷ್ಟಿ ತಾಗಿದೆ, ಹೊಟ್ಟೆಯಲ್ಲಿ ಗಾಳಿ ತುಂಬಿದೆ. ಒಂದೇ ದಿನ ಟೋಪಿ ಹಾಕಿ, ಕೋಣೆ ಬದಲಿಸಿ, ಬಾಟಲಿ ಹಾಲನ್ನೂ ಕೊಟ್ಟು ನೋಡಿದರೆ ಯಾವುದರಿಂದ ಏನಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ. ಕೊಡಗಿನ ಮನೆಗಳ, ಹುಟ್ಟಿನಿಂದ ಸುಮಾರು 9 ತಿಂಗಳವರೆಗಿನ ಕೂಸುಗಳಿಗಾಗಿ ಇರುವ ಈ ಕೈಪಿಡಿ ಎರಡು ಪ್ರಶ್ನೆಗಳಿಂದ ಶುರುವಾಗುತ್ತದೆ. ಮಲಗಿದ ಎಷ್ಟನೇ ನಿಮಿಷಕ್ಕೆ ಎದ್ದಿತು? ಅಳುತ್ತ ಎದ್ದಿತೋ, ನಗುತ್ತ ಎದ್ದಿತೋ? ಇವೆರಡಕ್ಕೆ ಉತ್ತರ ಸಿಕ್ಕರೆ ಕಾರಣವನ್ನು ಹೆಚ್ಚು ದೂರ ಹುಡುಕಬೇಕಾಗಿಲ್ಲ.

ಇದು ದೋಷ ಹೌದೇ?

ದೊಡ್ಡವರ ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ. ಕೂಸಿನದು 30ರಿಂದ 50 ನಿಮಿಷ. ಪ್ರತಿ ಸುತ್ತಿನ ಕೊನೆಗೆ ಎಲ್ಲರೂ ಅರೆ ಎಚ್ಚರವಾಗುತ್ತೇವೆ, ಮಗ್ಗುಲು ಬದಲಿಸಿ ಮತ್ತೆ ಮಲಗುತ್ತೇವೆ. ಎಳೆಗೂಸಿಗೆ ಆ ಮಗ್ಗುಲು ಬದಲಿಸುವ ವಿದ್ಯೆ ಇನ್ನೂ ಬಂದಿರುವುದಿಲ್ಲ. ಆದ್ದರಿಂದ 5-6 ತಿಂಗಳೊಳಗಿನ ಕೂಸು ಹಗಲು 30-45 ನಿಮಿಷ ಮಲಗಿ ಎದ್ದು, ಆಡಿಕೊಂಡು, ಚೆನ್ನಾಗಿ ಹಾಲು ಕುಡಿದು, ತೂಕ ಏರಿಸುತ್ತಿದ್ದರೆ ಅದರಲ್ಲಿ ಸರಿಪಡಿಸಬೇಕಾದದ್ದು ಏನೂ ಇಲ್ಲ. ಹಗಲು ನಿದ್ದೆ ಉದ್ದವಾಗುವುದು ಹೆಚ್ಚಿನ ಕೂಸುಗಳಲ್ಲಿ ಆ ವಯಸ್ಸಿನ ಆಚೆಗೆ.

ಮೊದಲ ಎರಡು ತಿಂಗಳು ಎರಡೆರಡು ಗಂಟೆ ಮಲಗುತ್ತಿದ್ದ ಕೂಸು 3-4 ತಿಂಗಳಿಗೆ ಇದ್ದಕ್ಕಿದ್ದಂತೆ 35 ನಿಮಿಷಕ್ಕೆ ಏಳತೊಡಗಿದರೂ ಗಾಬರಿ ಬೇಡ. ಆ ಹೊತ್ತಿಗೆ ನಿದ್ದೆಯ ಹಂತಗಳು ದೊಡ್ಡವರ ನಿದ್ದೆಯಂತೆ ಬೇರೆಬೇರೆಯಾಗಿ ರೂಪುಗೊಳ್ಳುತ್ತವೆ, ಹಗಲು-ರಾತ್ರಿಯ ಅರಿವೂ ಹುಟ್ಟುತ್ತದೆ. ನಿದ್ದೆ ಕೆಟ್ಟಂತೆ ಕಂಡರೂ ನಿಜದಲ್ಲಿ ಅದು ಬಲಿಯುತ್ತಿದೆ.

24 ಗಂಟೆಯ ಒಟ್ಟು ನಿದ್ದೆ ನೋಡಿ. 3 ತಿಂಗಳವರೆಗೆ 14-17 ಗಂಟೆ, 4 ತಿಂಗಳಿನಿಂದ ಮುಂದೆ 12-16 ಗಂಟೆ ಆದರೆ ಸಾಕು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಈ ಲೆಕ್ಕವೆಲ್ಲ ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ. 36 ವಾರಕ್ಕೆ ಹುಟ್ಟಿದ್ದರೆ ವಯಸ್ಸಿನಿಂದ 4 ವಾರ ಕಳೆಯಿರಿ.

ಮೊದಲು ಕಾಯಿಲೆಯನ್ನು ಬದಿಗಿಡಿ

ನಿದ್ದೆ ಕೆಟ್ಟದ್ದರ ಜೊತೆಗೆ ಇವುಗಳಲ್ಲಿ ಯಾವುದೇ ಒಂದು ಕಂಡರೂ ಈ ಕೈಪಿಡಿ ಮುಚ್ಚಿಟ್ಟು ಆಸ್ಪತ್ರೆಗೆ ಹೊರಡಿ: 3 ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ. ಮೊಲೆ ಹಿಡಿಯದೆ ಮಂಕಾಗಿರುವುದು. ಹಸಿರು ವಾಂತಿ, ಮಲದಲ್ಲಿ ರಕ್ತ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬೀಳುವುದು. 2 ತಿಂಗಳೊಳಗೆ ನಿಮಿಷಕ್ಕೆ 60, 2ರಿಂದ 12 ತಿಂಗಳವರೆಗೆ 50 ಅಥವಾ ಅದಕ್ಕಿಂತ ಹೆಚ್ಚು ಉಸಿರು. ಅಂಗೈ ಅಂಗಾಲಿನವರೆಗೆ ಹಳದಿ. ಜೂನ್‌ನಿಂದ ಆಗಸ್ಟ್‌ವರೆಗೆ ಮರ ಬಿದ್ದು ರಸ್ತೆ ಮುಚ್ಚುವ ಊರಿನವರು ಕತ್ತಲಾಗುವ ತನಕ ಕಾದು ನೋಡಬಾರದು. 108ಕ್ಕೆ ಬೇಗ ಫೋನ್ ಮಾಡಿ. ರಸ್ತೆ ಸರಿಯಿಲ್ಲದಿದ್ದರೆ ಯಾವ ದಾರಿಯಲ್ಲಿ ಬರಬೇಕೆಂದು ಅವರಿಗೆ ಹೇಳಿ.

ನಿತ್ಯವೂ ಗೊರಕೆ ಹೊಡೆಯುವ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬರುವ, ಪ್ರತಿ ಸಲ ಹಾಲು ಕುಡಿದ ಮೇಲೆ ಬೆನ್ನು ಬಿಲ್ಲಾಗಿಸಿ ಅಳುವ ಕೂಸನ್ನೂ ಮಕ್ಕಳ ವೈದ್ಯರಿಗೆ ತೋರಿಸಿ. 6, 10, 14ನೇ ವಾರದ ಚುಚ್ಚುಮದ್ದಿನ ನಂತರ ಒಂದೆರಡು ದಿನ ನಿದ್ದೆ ಏರುಪೇರಾಗುವುದು ಸಹಜ. ಆ ದಿನಗಳ ಲೆಕ್ಕವನ್ನು ಬಿಟ್ಟುಬಿಡಿ.

ಇನ್ನು "ಹಾಲು ಸಾಲುತ್ತಿಲ್ಲ" ಎಂಬ ಮಾತು. ಗಿಡ್ಡ ನಿದ್ದೆ ನೋಡಿ ಈ ತೀರ್ಮಾನಕ್ಕೆ ಬರುವುದು ಹೆಚ್ಚಿನ ಮನೆಗಳಲ್ಲಿ ನಡೆಯುತ್ತದೆ, ಹೆಚ್ಚಿನ ಸಲ ಅದು ತಪ್ಪು. ಮೊದಲ ವಾರ ಕಳೆದ ಮೇಲೆ ದಿನಕ್ಕೆ 6 ಅಥವಾ ಹೆಚ್ಚು ಸಲ ಉಚ್ಚೆ ಹೊಯ್ಯುತ್ತಿದ್ದರೆ, ಮೊದಲ ಮೂರು ತಿಂಗಳು ವಾರಕ್ಕೆ ಸುಮಾರು 150-200 ಗ್ರಾಂ ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಆಶಾ ಕಾರ್ಯಕರ್ತೆ 42ನೇ ದಿನದವರೆಗೆ ಮನೆಗೆ ಬರುವಾಗ ತೂಕ ನೋಡುತ್ತಾರೆ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಅದನ್ನು ನೋಡದೆ ಡಬ್ಬದ ಹಾಲು ಶುರು ಮಾಡಬೇಡಿ. ಬಾಟಲಿ ಬಂದರೆ ಮೊಲೆ ಚೀಪುವುದು ಕಡಿಮೆಯಾಗುತ್ತದೆ, ಆಮೇಲೆ ಹಾಲು ನಿಜವಾಗಿಯೂ ಇಳಿಯುತ್ತದೆ.

ಮೂರು ದಿನ ಬರೆದಿಡಿ

ಕ್ಯಾಲೆಂಡರಿನ ಹಿಂದಿನ ಹಾಳೆಯಾದರೂ ಸಾಕು. ಪ್ರತಿ ನಿದ್ದೆಗೆ ಒಂದು ಸಾಲು: ಹಿಂದಿನ ಸಲ ಎದ್ದ ಗಂಟೆ, ಮಲಗಿಸಲು ಶುರು ಮಾಡಿದ ಗಂಟೆ, ಕಣ್ಣು ಮುಚ್ಚಿದ ಗಂಟೆ, ಎದ್ದ ಗಂಟೆ, ಎದ್ದಾಗ ಅತ್ತಿತೋ ನಕ್ಕಿತೋ, ಎಲ್ಲಿ ಮಲಗಿತ್ತು (ತೊಟ್ಟಿಲು, ಮಡಿಲು, ಹಾಸಿಗೆ). ಕರೆಂಟು ಹೋದರೆ ಅದರ ಹೊತ್ತನ್ನೂ ಬರೆಯಿರಿ, ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ. ಈ ಮೂರು ದಿನ ಏನನ್ನೂ ಬದಲಿಸಬೇಡಿ. ಅಂದಾಜಿನ ಮೇಲೆ ಬರೆಯಬೇಡಿ. ದಣಿದ ತಾಯಿಗೆ 50 ನಿಮಿಷದ ನಿದ್ದೆಯೂ ಹತ್ತು ನಿಮಿಷದಂತೆ ಕಾಣುತ್ತದೆ.

ಎಷ್ಟನೇ ನಿಮಿಷಕ್ಕೆ ಎದ್ದಿತು?

*20 ನಿಮಿಷದೊಳಗೆ.* ಕೂಸು ಇನ್ನೂ ಗಾಢ ನಿದ್ದೆಗೆ ಇಳಿದೇ ಇರಲಿಲ್ಲ. ಮೂರು ತಿಂಗಳೊಳಗಿನ ಕೂಸು ಕಣ್ಣು ಮುಚ್ಚಿದ ಮೇಲೂ ಸುಮಾರು 20 ನಿಮಿಷ ತುಟಿ ಚೀಪುತ್ತ, ರೆಪ್ಪೆ ಅದುರಿಸುತ್ತ, ಕೈಕಾಲು ಎಳೆದುಕೊಳ್ಳುತ್ತ ಇರುತ್ತದೆ. ಆಗ ಮಡಿಲಿಂದ ಇಳಿಸಿದರೆ ಬೆಚ್ಚಿಬಿದ್ದು ಏಳುತ್ತದೆ. ಕೈಯನ್ನು ಒಂದಿಷ್ಟು ಎತ್ತಿ ಬಿಡಿ. ಸತ್ವವಿಲ್ಲದಂತೆ ಕೆಳಗೆ ಬಿದ್ದರೆ ಗಾಢ ನಿದ್ದೆ ಬಂದಿದೆ ಎಂದರ್ಥ. ಇಳಿಸುವಾಗ ಮೊದಲು ಪಾದ, ಆಮೇಲೆ ಸೊಂಟ, ಕೊನೆಗೆ ತಲೆ ಹಾಸಿಗೆಗೆ ತಾಗಲಿ. ತಲೆ ಮೊದಲು ಇಳಿದರೆ ಬೀಳುತ್ತಿದ್ದೇನೆ ಎಂದು ಬೆಚ್ಚುತ್ತದೆ. ಇಳಿಸಿದ ಮೇಲೆ ಅಂಗೈಯನ್ನು ಎದೆಯ ಮೇಲೆ ಎರಡು ನಿಮಿಷ ಹಾಗೆಯೇ ಇಡಿ. ತೇಗು ಬಾರದೆ ಮಲಗಿಸಿದ್ದರೂ ಇದೇ ಹೊತ್ತಿಗೆ ಏಳುತ್ತದೆ. ಹಾಲು ಕುಡಿಸಿದ ಮೇಲೆ 15-20 ನಿಮಿಷ ಹೆಗಲ ಮೇಲೆ ನೆಟ್ಟಗೆ ಹಿಡಿಯಿರಿ.

*30-45 ನಿಮಿಷಕ್ಕೆ, ಅಳುತ್ತ.* ಸುತ್ತು ಮುಗಿಯಿತು, ಮುಂದಿನ ಸುತ್ತಿಗೆ ದಾಟಲು ಆಗಲಿಲ್ಲ. ಕಣ್ಣು ಉಜ್ಜುತ್ತದೆ, ಮುಖ ಕೆಂಪಾಗಿರುತ್ತದೆ, ಎತ್ತಿಕೊಂಡರೂ ಸಮಾಧಾನವಿಲ್ಲ. ಹಾಳೆಯಲ್ಲಿ ಕಣ್ಣು ಮುಚ್ಚಲು 5 ನಿಮಿಷವೂ ಬೇಕಾಗಿರಲಿಲ್ಲ ಎಂದಿದ್ದರೆ ದಣಿವು ಮಿತಿಮೀರಿದ ಮೇಲೆ ಮಲಗಿಸುತ್ತಿದ್ದೀರಿ. ಮುಂದಿನ ಮೂರು ದಿನ ಎಚ್ಚರದ ಅವಧಿಯನ್ನು (ಎದ್ದಾಗಿನಿಂದ ಮತ್ತೆ ಮಲಗಿಸುವವರೆಗಿನ ಹೊತ್ತನ್ನು) 15 ನಿಮಿಷ ಕಡಿಮೆ ಮಾಡಿ. ತೂಗಿದರೆ ಮಾತ್ರ ಮಲಗುವ ಕೂಸಾದರೆ ಕಾರಣ ತೊಟ್ಟಿಲಿನಲ್ಲಿದೆ, ಆ ಭಾಗ ಕೆಳಗಿದೆ.

*30-45 ನಿಮಿಷಕ್ಕೆ, ನಗುತ್ತ.* ಒಂದೋ ಅಷ್ಟೇ ಸಾಕಾಗಿದೆ, ಇಲ್ಲವೇ ದಣಿವು ಸಾಲದೆ ಮಲಗಿಸಿದ್ದೀರಿ. ಮಲಗಿಸಲು 20 ನಿಮಿಷಕ್ಕಿಂತ ಹೆಚ್ಚು ಬೇಕಾಗುತ್ತಿದ್ದರೆ ಎರಡನೆಯದೇ ನಿಜ. ಎಚ್ಚರದ ಅವಧಿಯನ್ನು 10-15 ನಿಮಿಷ ಹೆಚ್ಚಿಸಿ. 5 ತಿಂಗಳ ಕೂಸು 6.45ಕ್ಕೆ ಎದ್ದು, 8.45ಕ್ಕೆ ಮಲಗಿಸಲು ಹೊರಟರೆ 9.10ಕ್ಕೆ ಕಣ್ಣು ಮುಚ್ಚಿ, 9.45ಕ್ಕೆ ನಗುತ್ತ ಎದ್ದರೆ ನಾಳೆಯಿಂದ ಮಲಗಿಸಲು 9 ಗಂಟೆಗೆ ಶುರು ಮಾಡಿ. ಮೂರು ದಿನ ಅದೇ ಇರಲಿ.

*50-60 ನಿಮಿಷಕ್ಕೆ, ಬಾಯಿ ಹುಡುಕುತ್ತ.* ಹಸಿವು. ನಿದ್ದೆಗೆ ಮುಂಚೆ ಐದೈದು ನಿಮಿಷ ಚೀಪಿ ತೂಕಡಿಸುವ ಕೂಸಿಗೆ ಹೊಟ್ಟೆ ಅರೆಬರೆ ತುಂಬಿರುತ್ತದೆ. ಎದ್ದ ಕೂಡಲೇ, ಚುರುಕಾಗಿರುವಾಗ, ಒಂದು ಮೊಲೆ ಪೂರ್ತಿ ಕುಡಿಸಿ ಇನ್ನೊಂದನ್ನೂ ಕೊಡಿ.

*ಸಂಜೆಯ ನಿದ್ದೆ ಮಾತ್ರ ಗಿಡ್ಡ.* ದಿನದ ಕೊನೆಯ ನಿದ್ದೆ ಹೆಚ್ಚಿನ ಕೂಸುಗಳಲ್ಲಿ ಗಿಡ್ಡವೇ. ಹಾಗೇ ಬಿಡಿ.

ಎಚ್ಚರದ ಅವಧಿ ಅಂದಾಜು ಹೀಗೆ: ಮೊದಲ ಆರು ವಾರ 45-60 ನಿಮಿಷ, 3 ತಿಂಗಳವರೆಗೆ 60-90 ನಿಮಿಷ, 3-4 ತಿಂಗಳಿಗೆ ಒಂದೂಕಾಲರಿಂದ 2 ಗಂಟೆ, 5-6 ತಿಂಗಳಿಗೆ 2ರಿಂದ ಎರಡೂವರೆ, 7-9 ತಿಂಗಳಿಗೆ ಎರಡೂವರೆಯಿಂದ ಮೂರೂವರೆ. ಹಾಲು ಕುಡಿಯುವ ಹೊತ್ತೂ ಇದರೊಳಗೇ ಸೇರಿತು. ಗಡಿಯಾರಕ್ಕಿಂತ ಕೂಸಿನ ಮುಖ ದೊಡ್ಡದು. ದೃಷ್ಟಿ ಒಂದೇ ಕಡೆ ನೆಡುವುದು, ಆಟದಿಂದ ಮುಖ ತಿರುಗಿಸುವುದು, ಹುಬ್ಬಿನ ಸುತ್ತ ಕೆಂಪೇರುವುದು ಮೊದಲ ಸೂಚನೆಗಳು. ಬೆನ್ನು ಬಾಗಿಸಿ ಅಳತೊಡಗಿದರೆ ಹೊತ್ತು ಮೀರಿದೆ.

ಎಚ್ಚರದ ಅವಧಿ ಹಾಳಾಗುವುದು ಹೆಚ್ಚಾಗಿ ಎಣ್ಣೆ-ನೀರಿನಿಂದ. ನೀರು ಹಾಕುವ ಅಜ್ಜಿ ನಾಲ್ಕು ಮನೆ ಮುಗಿಸಿ 11 ಗಂಟೆಗೆ ಬರುತ್ತಾರೆ. ಅಲ್ಲಿಯವರೆಗೆ ಕೂಸನ್ನು ಎಚ್ಚರವಾಗಿಡುತ್ತಾರೆ, ಇಲ್ಲವೇ ಮಲಗಿದ್ದನ್ನು ಎಬ್ಬಿಸುತ್ತಾರೆ. ಒಳ್ಳೆಯ ಸ್ನಾನದ ನಂತರ ಕೂಸು ಬಹಳ ಚೆನ್ನಾಗಿ ಮಲಗುತ್ತದೆ ಎಂಬುದು ನಿಜ, ಆದ್ದರಿಂದ ಆ ಸ್ನಾನವನ್ನು ವ್ಯರ್ಥ ಮಾಡಬೇಡಿ. "ಅಜ್ಜಿ, ಕೂಸು 8 ಗಂಟೆಗೆ ಮಲಗಿ ಎದ್ದ ಮೇಲೆ ಬನ್ನಿ" ಎಂದು ಹೊತ್ತು ಗೊತ್ತು ಮಾಡಿಕೊಳ್ಳಿ. ಸ್ನಾನ, ಹಾಲು, ತೇಗು ಈ ಮೂರೂ ಒಂದು ಎಚ್ಚರದ ಅವಧಿಯೊಳಗೆ ಮುಗಿದು ಕೂಸು ನಿದ್ದೆಗೆ ಹೋಗಬೇಕು.

ಕೋಣೆ: ಮಳೆಗಾಲ, ಚಳಿ, ಹೊಗೆ

ಮಡಿಕೇರಿ, ಭಾಗಮಂಡಲದ ಕಡೆ ಮಳೆಗಾಲದಲ್ಲಿ ಕೂಸು ಏಳುವುದಕ್ಕೆ ಚಳಿಗಿಂತ ಹೆಚ್ಚಾಗಿ ಕಾರಣವಾಗುವುದು ಒದ್ದೆ ಮತ್ತು ಸೆಕೆ. ಉಣ್ಣೆ ಟೋಪಿ, ಸ್ವೆಟರ್, ಕಾಲುಚೀಲ, ಮೇಲೊಂದು ರಗ್ಗು ಹೊದಿಸಿದ ಕೂಸು ಒಳಗೇ ಬೆವರುತ್ತದೆ, ಬೆವರು ಆರಿ ತಣ್ಣಗಾದ ಕೂಡಲೇ ಏಳುತ್ತದೆ. ಅತಿಯಾದ ಶಾಖ ಎಳೆಗೂಸಿನ ಜೀವಕ್ಕೂ ಅಪಾಯ. ಕೈಕಾಲು ಮುಟ್ಟಿ ನೋಡಬೇಡಿ, ಅವು ಸಾಮಾನ್ಯವಾಗಿ ತಣ್ಣಗಿರುತ್ತವೆ. ಕುತ್ತಿಗೆಯ ಹಿಂದೆ ಅಥವಾ ಎದೆಗೆ ಎರಡು ಬೆರಳಿಡಿ: ಬೆಚ್ಚಗೆ ಒಣಗಿದ್ದರೆ ಸರಿ, ಜಿಗುಟಾಗಿದ್ದರೆ ಒಂದು ಬಟ್ಟೆ ತೆಗೆಯಿರಿ. ನೀವು ತೊಟ್ಟಿರುವುದಕ್ಕಿಂತ ಒಂದು ಪದರ ಹೆಚ್ಚು, ಅಷ್ಟೇ. ಆರೋಗ್ಯವಂತ ಕೂಸಿಗೆ ಮನೆಯೊಳಗೆ ಮಲಗುವಾಗ ಟೋಪಿ ಬೇಡ. ತಲೆಯ ಮೂಲಕವೇ ಅದು ಶಾಖ ಬಿಡುತ್ತದೆ. ರಗ್ಗಿನ ಬದಲು ತೋಳಿಲ್ಲದ ಮಲಗುವ ಚೀಲ ತೊಡಿಸಿದರೆ ಒದ್ದು ತೆಗೆಯುವುದೂ ಇಲ್ಲ, ಮುಖದ ಮೇಲೆ ಬರುವ ಭಯವೂ ಇಲ್ಲ. ಅಜ್ಜಿಯರಿಗೆ ಇದು ಒಪ್ಪಿಗೆಯಾಗುವುದು ಕಷ್ಟ. ಕುತ್ತಿಗೆಯ ಬೆವರನ್ನು ಅವರ ಬೆರಳಿಗೇ ಮುಟ್ಟಿಸಿ ತೋರಿಸಿ.

ಕುಶಾಲನಗರದ ಬಯಲಿನಲ್ಲಿ ತೊಂದರೆ ಬೇರೆ. ಮಾರ್ಚ್-ಏಪ್ರಿಲ್ ಮಧ್ಯಾಹ್ನ ಶೀಟಿನ ಮನೆ ಕಾದು, 12 ಗಂಟೆಯ ನಿದ್ದೆ ಮಾತ್ರ ಅರ್ಧಕ್ಕೆ ನಿಲ್ಲುತ್ತದೆ. ಉತ್ತರದ ಕೋಣೆಗೆ ಬದಲಿಸಿ, ಒಂದೇ ಪದರ ತೆಳು ಹತ್ತಿ ಬಟ್ಟೆ ಹಾಕಿ.

ಒಣಗದ ಬಟ್ಟೆ ಮಳೆಗಾಲದ ದೊಡ್ಡ ಕಾರಣ. ಮುಟ್ಟಿದರೆ ಒಣಗಿದಂತೆ ಕಂಡರೂ ಬಟ್ಟೆಯಲ್ಲಿ ತೇವ ಉಳಿದಿರುತ್ತದೆ, ಕೆನ್ನೆಗೆ ತಾಗಿಸಿ ನೋಡಿ. ಲಂಗೋಟಿ, ಹಾಸುಬಟ್ಟೆ ಎರಡನ್ನೂ ಹಾಕುವ ಮುಂಚೆ ಇಸ್ತ್ರಿ ಮಾಡಿ ಆರಲು ಬಿಡಿ. ಉದ್ದ ಮಾಡಬೇಕೆಂದಿರುವ ಒಂದು ನಿದ್ದೆಗೆ ಡಯಾಪರ್ ಹಾಕುವುದು ತಪ್ಪಲ್ಲ, ಎದ್ದ ಕೂಡಲೇ ಬಿಚ್ಚಿ. ಬೂಷ್ಟು ಹಿಡಿದ ಗೋಡೆಯಿಂದ ತೊಟ್ಟಿಲನ್ನು ದೂರ ಸರಿಸಿ.

ಬಟ್ಟೆ ಒಣಗಿಸಲೆಂದು, ಕೋಣೆ ಬೆಚ್ಚಗಿರಲೆಂದು ಕೆಂಡದ ಅಗ್ಗಿಷ್ಟಿಕೆಯನ್ನು ಕೂಸಿನ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚುವುದನ್ನು ದಯವಿಟ್ಟು ಮಾಡಬೇಡಿ. ಹೊಗೆ ಕಾಣದ ಕೆಂಡದಿಂದಲೂ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ಅದಕ್ಕೆ ವಾಸನೆಯಿಲ್ಲ, ತಾಯಿ-ಮಗು ಇಬ್ಬರನ್ನೂ ನಿದ್ದೆಯಲ್ಲೇ ಕೊಲ್ಲುತ್ತದೆ. ಸ್ನಾನದ ನಂತರದ ಸಾಂಬ್ರಾಣಿ ಹೊಗೆ, ಸೊಳ್ಳೆ ಬತ್ತಿ ಇವೂ ಮೂಗು ಕಟ್ಟಿಸಿ ನಿದ್ದೆ ಕೆಡಿಸುತ್ತವೆ. ಸೊಳ್ಳೆಗೆ ಪರದೆಯೇ ಮದ್ದು. ಮೂಗು ಕಟ್ಟಿದ್ದರೆ ಔಷಧದಂಗಡಿಯ ಉಪ್ಪುನೀರಿನ ಹನಿಯನ್ನು ಮಲಗಿಸುವ ಹತ್ತು ನಿಮಿಷ ಮುಂಚೆ ಒಂದೊಂದು ಹೊಳ್ಳೆಗೆ 1-2 ಹನಿ ಹಾಕಿ. ಎಣ್ಣೆ ಬಿಡಬೇಡಿ.

ಸದ್ದಿನ ವಿಷಯದಲ್ಲಿ ನಮ್ಮ ಮಳೆ ಉಪಕಾರಿ. ಶೀಟಿನ ಮೇಲೆ ಒಂದೇ ಸಮನೆ ಸುರಿಯುವ ಮಳೆಗೆ ಕೂಸು ಏಳುವುದಿಲ್ಲ. ಏಳುವುದು ಸದ್ದು ಥಟ್ಟನೆ ಬದಲಾದಾಗ: ಏಪ್ರಿಲ್-ಮೇ ಸಂಜೆಯ ಗುಡುಗು, ಬಾಗಿಲ ನಾಯಿ, ತೋಟದಿಂದ ಆನೆ ಓಡಿಸಲು ಸಿಡಿಸಿದ ಪಟಾಕಿ, ಎಲ್ಲಕ್ಕಿಂತ ಹೆಚ್ಚಾಗಿ ಕರೆಂಟು ಹೋಗಿ ಫ್ಯಾನ್ ನಿಲ್ಲುವುದು. ಹಾಳೆಯಲ್ಲಿ ಕರೆಂಟು ಹೋದ ಹೊತ್ತೂ ಕೂಸು ಎದ್ದ ಹೊತ್ತೂ ಒಂದೇ ಆಗಿದ್ದರೆ ಬೇರೆ ಕಾರಣ ಹುಡುಕಬೇಡಿ. ಚಾರ್ಜ್ ಇರುವ ಫೋನಿನಲ್ಲಿ ಮಳೆಯ ಸದ್ದನ್ನು ನಿದ್ದೆಯುದ್ದಕ್ಕೂ ಹಾಕಿ. ತೊಟ್ಟಿಲಿಂದ ಕನಿಷ್ಠ 2 ಮೀಟರ್ ದೂರವಿರಲಿ, ಅದರ ನಡುವೆ ಮಾಮೂಲು ದನಿಯಲ್ಲಿ ಮಾತಾಡಲು ಆಗಬೇಕು.

ಬೆಳಕು: ಮೋಡ ಕವಿದ ಜುಲೈನಲ್ಲಿ ಮನೆಯೊಳಗೆ ಬೆಳಗೂ ಸಂಜೆಯೂ ಒಂದೇ ತೆರ. ಎಚ್ಚರವಿರುವಾಗ ಕೂಸನ್ನು ಜಗಲಿಗೆ ತನ್ನಿ, ಬೆಳಗ್ಗೆ ಎದ್ದ ಕೂಡಲೇ ತರುವುದು ಮುಖ್ಯ. ಮಲಗುವಾಗ ಕಿಟಕಿಗೆ ದಪ್ಪ ಪರದೆ ಎಳೆಯಿರಿ. 3 ತಿಂಗಳ ಮೇಲೆ ಸುತ್ತಲಿನದನ್ನು ನೋಡುವ ಕುತೂಹಲ ಹೆಚ್ಚು, ಅರೆ ಎಚ್ಚರದಲ್ಲಿ ಕಿಟಕಿಯ ಬೆಳಕು ಕಂಡರೆ ಮತ್ತೆ ಮಲಗುವುದಿಲ್ಲ.

ತೊಟ್ಟಿಲು ಮತ್ತು ಸೀರೆ ಜೋಲಿ

ತೂಗಿದರೆ ಮಲಗುತ್ತದೆ, ತೂಗುವುದು ನಿಂತರೆ ಏಳುತ್ತದೆ. 40ನೇ ನಿಮಿಷಕ್ಕೆ ಅರೆ ಎಚ್ಚರವಾದ ಕೂಸಿಗೆ ತಾನು ಮಲಗುವಾಗ ಇದ್ದ ತೂಗು ಈಗ ಇಲ್ಲ, ಎಲ್ಲೋ ಏನೋ ಬದಲಾಗಿದೆ ಎಂದು ಪೂರ್ತಿ ಎಚ್ಚರಾಗುತ್ತದೆ. ತೂಗುವುದು ತಪ್ಪಲ್ಲ. ನಿದ್ದೆಗೆ *ಜಾರುವ* ಗಳಿಗೆಯಲ್ಲಿ ತೂಗು ನಿಂತಿರಬೇಕು, ಅಷ್ಟೇ.

4 ತಿಂಗಳು ತುಂಬಿದ ಮೇಲೆ ಹೀಗೆ ಬಿಡಿಸಿ. ಮೊದಲ ಮೂರು ದಿನ ಎಂದಿನಂತೆ ತೂಗಿ, ಕಣ್ಣು ಮುಚ್ಚುತ್ತಿದ್ದಂತೆ ವೇಗ ಅರ್ಧ ಮಾಡಿ. ಮುಂದಿನ ಮೂರು ದಿನ ರೆಪ್ಪೆ ಭಾರವಾದಾಗ ತೂಗು ನಿಲ್ಲಿಸಿ ಎದೆಯ ಮೇಲೆ ಕೈಯಿಟ್ಟು ಲಯವಾಗಿ ತಟ್ಟಿ. ಅಳು ಏರಿದರೆ ಹತ್ತು ಸಲ ತೂಗಿ ಮತ್ತೆ ನಿಲ್ಲಿಸಿ. ಆಮೇಲೆ ಮೂರು ದಿನ ತೂಗದೆ ತಟ್ಟುವುದು ಮಾತ್ರ. ಕೊನೆಗೆ ಹಾಸಿಗೆಯ ಮೇಲೆ. ಹಾಡುವ ಜೋಗುಳ ಪ್ರತಿ ಹಂತದಲ್ಲೂ ಅದೇ ಇರಲಿ.

ಸೀರೆ ಜೋಲಿಯಲ್ಲಿ ಬೆನ್ನು ಬಾಗಿ ಗದ್ದ ಎದೆಗೆ ಒತ್ತುತ್ತದೆ, ಎಳೆಗೂಸಿನ ಉಸಿರ ದಾರಿ ಅಲ್ಲೇ ಮಡಚುತ್ತದೆ. ಗದ್ದ ಮತ್ತು ಎದೆಯ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಇಲ್ಲದಿದ್ದರೆ ಕೂಡಲೇ ಎತ್ತಿ. ಜೋಲಿ ಮಲಗಿಸುವುದಕ್ಕೆ ಮಾತ್ರ, ನಿದ್ದೆ ಬಂದ ಮೇಲೆ ಸಮತಟ್ಟಾದ ಗಟ್ಟಿ ಹಾಸಿಗೆಗೆ ಇಳಿಸಿ, ಅಂಗಾತ ಮಲಗಿಸಿ. ತಲೆ ದುಂಡಗಾಗಲೆಂದು ಇಡುವ ಸಾಸಿವೆ ದಿಂಬು, ಪಕ್ಕದ ದಿಂಬು, ಬೊಂಬೆ ಯಾವುದೂ ಬೇಡ. ತಲೆ ದುಂಡಗಾಗಲು ಎಚ್ಚರವಿದ್ದಾಗ ನಿಮ್ಮ ಕಣ್ಣೆದುರು ಹೊಟ್ಟೆಯ ಮೇಲೆ ಮಲಗಿಸಿ ಆಡಿಸಿದರೆ ಸಾಕು. ಬಟ್ಟೆಯಲ್ಲಿ ಸುತ್ತುವುದಾದರೆ ತೋಳು ಬಿಗಿ, ಸೊಂಟ-ಕಾಲು ಸಡಿಲ. ಮಗುಚಲು ಯತ್ನಿಸಿದ ದಿನದಿಂದ ಸುತ್ತುವುದನ್ನು ನಿಲ್ಲಿಸಿ.

ಎರಡನೇ ಸುತ್ತಿಗೆ ದಾಟಿಸುವುದು

ಮೇಲಿನದೆಲ್ಲ ಸರಿಯಾದ ಮೇಲೂ 5 ತಿಂಗಳು ದಾಟಿದ ಕೂಸು ಒಂದೇ ಸುತ್ತಿಗೆ ಅಳುತ್ತ ಎದ್ದರೆ ಇದನ್ನು ಮಾಡಿ. ದಿನಕ್ಕೆ ಒಂದೇ ನಿದ್ದೆಯ ಮೇಲೆ, ಬೆಳಗಿನ ಮೊದಲ ನಿದ್ದೆಯ ಮೇಲೆ ಅಭ್ಯಾಸ ನಡೆಯಲಿ. ಉಳಿದವು ಮಡಿಲಲ್ಲಾದರೂ ಆಗಲಿ, ದಣಿವು ಕೂಡಿಕೊಳ್ಳಬಾರದು.

ಹಾಳೆಯ ಪ್ರಕಾರ 38ನೇ ನಿಮಿಷಕ್ಕೆ ಏಳುವ ಕೂಸಾದರೆ 30ನೇ ನಿಮಿಷಕ್ಕೆ ಪಕ್ಕದಲ್ಲಿ ಕೂತಿರಿ. ಅಲುಗಾಡತೊಡಗಿದಾಗ ಎದೆಯ ಮೇಲೆ ಭಾರವಾಗಿ ಕೈಯಿಡಿ, ಮಾತು ಬೇಡ, ಕಣ್ಣಿಗೆ ಕಣ್ಣು ಸೇರಿಸಬೇಡಿ. ಮುಲುಗುವುದೆಲ್ಲ ಎಚ್ಚರವಲ್ಲ. ಕಣ್ಣು ಮುಚ್ಚಿಕೊಂಡೇ ಒಂದೆರಡು ನಿಮಿಷ ಕುಂಯ್‌ಗುಟ್ಟಿ ಮತ್ತೆ ಮಲಗುವ ಕೂಸುಗಳು ಬಹಳ. ಓಡಿ ಬಂದು ಎತ್ತಿಕೊಂಡವರೇ ಅವನ್ನು ಎಬ್ಬಿಸುತ್ತಾರೆ. ಪೂರ್ತಿ ಎದ್ದರೆ ಕತ್ತಲಲ್ಲೇ 10-15 ನಿಮಿಷ ತಟ್ಟಿ. ಆಗಲಿಲ್ಲವೆಂದರೆ ಎತ್ತಿ, ಪರದೆ ತೆಗೆಯಿರಿ, ಮುಂದಿನ ಎಚ್ಚರದ ಅವಧಿಯನ್ನು 15-20 ನಿಮಿಷ ಕಡಿಮೆ ಮಾಡಿ. ಒಂದು ವಾರ, ಹತ್ತು ದಿನ ಹೀಗೇ ನಡೆಸಿ. ಹಗಲಿನ ಒಟ್ಟು ನಿದ್ದೆ 4 ಗಂಟೆ ದಾಟಿ, ರಾತ್ರಿ ಎಚ್ಚರ ಹೆಚ್ಚಿದರೆ ಉದ್ದ ಮಾಡುವ ಯತ್ನ ಅಲ್ಲಿಗೆ ಸಾಕು.

ನಿದ್ದೆ ಬರಲೆಂದು ಜಾಯಿಕಾಯಿ ತೇಯ್ದು ನೆಕ್ಕಿಸುವುದು, ಬಜೆ, ಜೇನು, ಬ್ರಾಂಡಿ ಹನಿ, ನೆಗಡಿಯ ಸಿರಪ್ ಯಾವುದನ್ನೂ ಕೊಡಬೇಡಿ. ಜಾಯಿಕಾಯಿ ತರುವುದು ನಿದ್ದೆಯಲ್ಲ, ವಿಷದ ಮಂಪರು. ಎಳೆಗೂಸಿಗೆ ಎಷ್ಟು ತೇಯ್ದರೆ ಹೆಚ್ಚಾಗುತ್ತದೆ ಎಂದು ಕಲ್ಲಿನ ಮೇಲೆ ಅಳೆಯಲು ಆಗುವುದಿಲ್ಲ. ಜೇನು ಒಂದು ವರ್ಷದೊಳಗೆ ಬೊಟುಲಿಸಂ ಎಂಬ ಅಪಾಯಕಾರಿ ವಿಷಬಾಧೆ ತರಬಹುದು. 6 ತಿಂಗಳವರೆಗೆ ಎದೆಹಾಲಲ್ಲದೆ ಬೇರೇನೂ ಬೇಡ, ವೈದ್ಯರು ಹೇಳಿದ ಹನಿಯ ಹೊರತು.

ಕಾಫಿ ಕುಯ್ಲಿನ ಕಾಲ

ಡಿಸೆಂಬರ್‌ನಿಂದ ಫೆಬ್ರವರಿವರೆಗೆ ತಾಯಿ ತೋಟಕ್ಕೆ ಹೋದರೆ ಕೂಸು ಅಜ್ಜಿಯ ಬಳಿ, ತೋಟದ ಶಿಶುಪಾಲನಾ ಕೇಂದ್ರದಲ್ಲಿ ಅಥವಾ ಪಂಚಾಯಿತಿಯ ಕೂಸಿನ ಮನೆಯಲ್ಲಿ ಇರುತ್ತದೆ. ಮನೆಯಲ್ಲಿ ಒಂದೂವರೆ ಗಂಟೆ ಮಲಗುವ ಕೂಸು ಅಲ್ಲಿ ಅರ್ಧ ಗಂಟೆಗೆ ಏಳುವುದು ಸಾಮಾನ್ಯ. ಎರಡು-ಮೂರು ವಾರದಲ್ಲಿ ಹೊಂದಿಕೊಳ್ಳುತ್ತದೆ. ತೊಳೆಯದ, ತಾಯಿಯ ವಾಸನೆಯಿರುವ ರವಿಕೆಯನ್ನು ಕೂಸಿನ ಪಕ್ಕ ಇಡುವ ರೂಢಿ ಇದೆ. ಅದನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿ, ಸಡಿಲವಾಗಿ ಮುಖದ ಹತ್ತಿರ ಬಿಡಬೇಡಿ. ನೋಡಿಕೊಳ್ಳುವವರಿಗೆ ಹೇಳಬೇಕಾದದ್ದು ಮೂರು: ಬೆಳಗ್ಗೆ ಎಷ್ಟು ಗಂಟೆಗೆ ಎದ್ದಿತು, ಕೊನೆಯ ಹಾಲು ಯಾವಾಗ, ಮಲಗಿಸುವಾಗ ಯಾವ ಹಾಡು. ಸಂಜೆ ಕರೆದುಕೊಂಡು ಬಂದ ಮೇಲೆ ಹಗಲಿನ ಕೊರತೆಯನ್ನು ತಡವಾದ ನಿದ್ದೆಯಿಂದ ತುಂಬಿಸಲು ಹೋಗಬೇಡಿ. ಹೊಟ್ಟೆ ತುಂಬಿಸಿ, ರಾತ್ರಿಯ ನಿದ್ದೆಗೆ ಎಂದಿಗಿಂತ ಅರ್ಧ ಗಂಟೆ ಮುಂಚೆಯೇ ಮಲಗಿಸಿ.